ಟೇಪಿನಲ್ಲಿ ಉಳಿದ "ಬುಡು"

"ರೀ, ಆ ಬಳೆ ತೆಗೀರಿ!"

ಸರ್ವಮಂಗಳಾ ಬೆಚ್ಚಿಬಿದ್ದಳು. ಹೆಡ್‌ಫೋನ್ ಹಾಕಿಕೊಂಡಿದ್ದ ಯುವಕನೊಬ್ಬ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

"ನಾನ್ಯಾಕ್ರೀ ತೆಗೀಲಿ?"

"ಮೈಕ್ ಪಕ್ಕದಲ್ಲೇ ನಿಂತಿದೀರ! ಟೇಪ್ ತುಂಬಾ ನಿಮ್ ಬಳೆ ಸದ್ದೇ!"

1981ರ ತುಮಕೂರು. ಬೆಂಗಳೂರಿನಿಂದ ಬಂದಿದ್ದ ಸೈಕೆಡೆಲಿಕ್ ರಾಕ್ ಬ್ಯಾಂಡಿನ ರಿಹರ್ಸಲ್; ಕುತೂಹಲಕ್ಕೆ ನೋಡಲು ಬಂದಿದ್ದಳು ಅವಳು. ಉದ್ದ ಕೂದಲಿನ ಹುಡುಗರು, ತಲೆ ಸುತ್ತಿಸುವ ಬಣ್ಣದ ದೀಪಗಳು, ಮುಗಿಯದ ಗಿಟಾರ್!

"ಏನ್ಲಾ ಇದು, ಗಿಟಾರ್‌ಗೆ ದೆವ್ವ ಹಿಡ್ದದಾ?" ಎಂದ ಗೇಟು ಕಾಯುವ ಆಂಜನಪ್ಪ.

ರೆಕಾರ್ಡಿಂಗ್ ಮಾಡುತ್ತಿದ್ದವನು ಮರಳೂರಿನ ಮೈಕ್ ಸೆಟ್ ಅಂಗಡಿಯ ಚನ್ನವೀರ. ಅವಳು ಸಿಟ್ಟಿನಿಂದ ಹನ್ನೆರಡೂ ಬಳೆ ತೆಗೆದು ಅವನ ಕೈಗೇ ಇಟ್ಟಳು. ಅವನೋ, ಒಂದೊಂದು ಭೇಟಿಗೆ ಒಂದೊಂದೇ ಬಳೆ ವಾಪಸ್ ಕೊಟ್ಟ, ಕಳ್ಳ! ಹನ್ನೆರಡನೆಯದು ಕೈಗೆ ಬರುವಷ್ಟರಲ್ಲಿ ಅವಳ ಮನಸ್ಸು ಅವನ ಕೈಸೇರಿತ್ತು.

ಡಿಸೆಂಬರ್‌ನಲ್ಲಿ ಬ್ಯಾಂಡ್ ಮತ್ತೆ ಬಂತು. ಲೈವ್ ರೆಕಾರ್ಡಿಂಗ್.

"ಅವತ್ತು ಅಮ್ಮ ಬರ್ತಾರೆ ಮಂಗಳಾ. ನಿನ್ನನ್ನ ತೋರಿಸ್ಬೇಕು. ಬಂದೇ ಬರ್ಬೇಕು!" ಎಂದಿದ್ದ ಚನ್ನವೀರ.

ಹೋದಳು. ಗೇಟಿನಲ್ಲಿ ಜನವೋ ಜನ.

"ಹೌಸ್ ಫುಲ್ ಕಣಮ್ಮಾ, ಹೋಗು ಹೋಗು!" ಎಂದ ಆಂಜನಪ್ಪ.

ಅರ್ಧ ಗಂಟೆ ಕಾದು, ಕಣ್ಣು ತುಂಬಿಕೊಂಡು ಮನೆಗೆ ಮರಳಿದಳು.

ಮೂರನೇ ದಿನ ಕ್ಯಾಸೆಟ್ ಅಂಗಡಿಯಲ್ಲಿ ಅದೇ ಕಾರ್ಯಕ್ರಮದ ಟೇಪ್ ಓಡುತ್ತಿತ್ತು. ಗಿಟಾರ್ ಮೊರೆತದ ನಡುವೆ ಅವನದೇ ದನಿ...

"ಮಂಗಳನ್ನ ಬುಡು ಕಣೋ!"

ಬುಡು... ಅಂದರೆ ನನ್ನ ಮಾತೇ ಬಿಡು ಎಂದನೇ? ಅಮ್ಮನ ಎದುರಲ್ಲೇ ಬೇಡವೆಂದನೇ?

ಒಂದು ಮಾತೂ ಕೇಳದೆ ಗುಬ್ಬಿಯ ಚಿಕ್ಕಮ್ಮನ ಮನೆಗೆ ಹೊರಟುಹೋದಳು. ಅಲ್ಲೇ ಟೀಚರ್ ಆದಳು. ಅವನಿಂದ ನಾಲ್ಕು ಕಾಗದ ಬಂದವು. ಒಂದನ್ನೂ ಒಡೆಯದೆ ಒಲೆಗೆ ಹಾಕಿದಳು.

ಐದು ವರ್ಷ ಕಳೆಯಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಮೈಕ್ ಕಟ್ಟಲು ಬಂದವನು ಚನ್ನವೀರ!

"ಯಾಕೆ ಹಂಗೆ ಮಾಡ್ದೆ ಮಂಗಳಾ?"

"ನಾನಾ? 'ಮಂಗಳನ್ನ ಬುಡು' ಅಂದಿದ್ದು ಯಾರು? ಟೇಪಲ್ಲೇ ಕೇಳಿದೀನಿ!"

ಅವನು ಕಟ್ಟುತ್ತಿದ್ದ ಮೈಕನ್ನು ಕೆಳಗಿಟ್ಟ.

"ಅಯ್ಯೋ... ಗೇಟಲ್ಲಿ ನಿನ್ನ ತಡೆದಿದ್ದು ಒಳಗಿಂದ ಕಾಣಿಸ್ತು! ಮೈಕ್ ಪಕ್ಕದಿಂದ್ಲೇ, ಒಳಗೆ ಬುಡು ಅಂತ ಆಂಜನಪ್ಪಂಗೆ ಕೂಗ್ದೆ ಕಣೇ! ಆ ಗಿಟಾರ್ ಗಲಾಟೇಲಿ ಅವನಿಗೆ ಕೇಳಿಸ್ಲಿಲ್ಲ. ಓಡಿ ಬಂದೆ, ನೀನಿರ್ಲಿಲ್ಲ..."

ಅವನಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು... ತಪ್ಪಾಗಿ!

"ಕಾಗದದಲ್ಲಿ ಎಲ್ಲಾ ಬರ್ದಿದ್ನಲ್ಲ?"

"ಓದ್ಲಿಲ್ಲ ರೀ..."

ಆದರೂ ಒಂದು ಆಸೆ ಮಿನುಗಿತು.

"ಮದುವೆ...?"

"ಹೋದ ವರ್ಷ ಆಯ್ತು. ಕುಣಿಗಲ್‌ನವಳು, ವನಜಾ. ಒಳ್ಳೇವ್ಳು ಪಾಪ, ನನ್ನನ್ನೇ ನಂಬಿದಾಳೆ."

ಅವಳು ತಲೆಯಾಡಿಸಿದಳು. ಒಳಗೆಲ್ಲ ಚೂರುಚೂರು.

"ನಿಮ್ಮನ್ನ ತುಂಬಾ ಪ್ರೀತಿಸ್ತಿದ್ದೆ ರೀ. ಬಾಯಿಬಿಟ್ಟು ಒಂದ್ಸಲಾನೂ ಹೇಳಿರ್ಲಿಲ್ಲ."

"ನಾನೂ... ಈಗ ಹೇಳಿ ಏನ್ ಮಾಡ್ಲಿ!"

ಸಂಜೆ ಕಾರ್ಯಕ್ರಮ ಮುಗಿಯಿತು. ವೈರು ಸುತ್ತಿಕೊಂಡು ಅವನು ಬಾಗಿಲ ಬಳಿ ನಿಂತ.

"ಹೋಗ್ತೀನಿ ಮಂಗಳಾ."

"ಹೋಗ್ತೀನಿ ಅನ್ಬಾರ್ದು. ಬರ್ತೀನಿ ಅನ್ಬೇಕು."

"ನಾನಿನ್ನು ಬರೋ ಹಂಗಿಲ್ಲ..."

"ಗೊತ್ತು. ಆದ್ರೂ ಅನ್ನಿ."

ಅವನು ವೈರಿನ ಸುರುಳಿಯನ್ನು ಹೆಗಲಿಗೇರಿಸಿದ.

"...ಬರ್ತೀನಿ."

"ಹೂಂ. ಹುಷಾರು, ದಾರೀಲಿ ಕತ್ತಲಾಗುತ್ತೆ."