ಗೊತ್ತಿಲ್ಲ ಎಂದ ತಾಟು

ಗದಗಿನ ಹೆರಿಗೆ ಆಸ್ಪತ್ರೆಯೊಂದರ ಊಟದ ಮನೆಯಲ್ಲಿ ತಾಟು ಮಾತಾಡಿತು. "ಜೋಳದ ರೊಟ್ಟಿ ಎರಡು, ಹೆಸರುಕಾಳು ಪಲ್ಯ ಒಂದು ಬಟ್ಟಲು. ಇದು ಗಟ್ಟಿ ಮಾತು." ತಾಟಿನ ಅಂಚಿನ ಗೆರೆ ಹಸಿರಾಗಿ ಬೆಳಗಿತು. ಏಳು ತಿಂಗಳ ಬಸುರಿ ರೇಣವ್ವ ಬದಿಗೆ ಒಂದು ಚಮಚ ಅಗಸಿ ಚಟ್ನಿ ಹಾಕಿಕೊಂಡಳು. ಗೆರೆ ಮಂಕಾಯಿತು. "ಅಗಸಿ. ಬಸುರಿನಲ್ಲಿ ಎಷ್ಟು ತಿಂದರೆ ಸರಿ, ನನಗೆ ಗೊತ್ತಿಲ್ಲ."

"ಬ್ಯಾಟರಿ ಹೋತ ನೋಡ!" ಎಂದು ಅಡುಗೆಯ ಕಲ್ಲವ್ವ ತಾಟಿನ ತಳಕ್ಕೆ ಎರಡು ಗುದ್ದಿದಳು. ವಾರದಿಂದ ಅವಳದು ಇದೇ ಕೆಲಸ. ಮಂಕಾದ ತಾಟುಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ, ಹಪ್ಪಳದ ಹಾಗೆ ಸಾಲಾಗಿ ಬಿಸಿಲಿಗೆ ಇಡುತ್ತಿದ್ದಳು.

"ಆಯಿ, ಅದಕ್ಕ ಹೊಡಿಬ್ಯಾಡ. ತಾಟು ಚಲೋ ಐತಿ. ಗೊತ್ತಿಲ್ಲದ್ದು ನಮಗ," ಎಂದಳು ಅದನ್ನು ಮಾಡಿದ ವಿಜ್ಞಾನಿ ಡಾ. ಮುಕ್ತಾ ಹೂಗಾರ.

ಊಟ ತೂಗುವ, ಬೆರಳು ಮುಟ್ಟಿದರೆ ರಕ್ತದ ಕಸುವು ಹೇಳುವ ತಾಟುಗಳು ಆ ಹೊತ್ತಿಗೆ ಪೇಟೆಯಲ್ಲಿ ಹಳೆಯವಾಗಿದ್ದವು. ಮುಕ್ತಾ ಹೊಸದಾಗಿ ಕೂಡಿಸಿದ್ದು ಒಂದೇ. ಯಾರು ಏನು ತಿಂದರು, ತಿಂದು ಏನಾದರು ಎಂದು ಲೋಕದವರು ಬರೆದಿಟ್ಟ ಅಧ್ಯಯನಗಳನ್ನೆಲ್ಲ ಅದು ಜರಡಿ ಹಿಡಿಯುತ್ತಿತ್ತು; ಹಿಡಿದು, ತಾನಾಡುವ ಮಾತು ಎಷ್ಟು ಗಟ್ಟಿ ಎಂದು ತಾನೇ ಹೇಳುತ್ತಿತ್ತು.

"ಡಾಕ್ಟರ್ ಆದೋರಿಗೂ ಗೊತ್ತಿಲ್ಲೇನ?"

"ಇಲ್ಲ ಆಯಿ. ಹನ್ನೊಂದು ಅಧ್ಯಯನ ಅದಾವ. ಎಂಟು ಇಲಿ ಮ್ಯಾಲ ಮಾಡಿದ್ದು. ಉಳಿದ ಮೂರು ಒಂದಕ್ಕೊಂದು ಜಗಳಾಡ್ತಾವ."

"ಇಲಿಗೆ ತಿನಿಸಿ ನಮಗ ಬುದ್ಧಿ ಹೇಳ್ತೀರಿ!" ರೇಣವ್ವ ನಕ್ಕಳು. ಕಲ್ಲವ್ವ ನಗಲಿಲ್ಲ.

"ಯಾವಾಗಿಂದ ಗೊತ್ತಿಲ್ಲ?" ಎಂದು ಕೇಳಿದಳು.

"ಮೊದಲಿಂದನೂ."

ಕಲ್ಲವ್ವ ಒಲೆಯ ಕಡೆಗೆ ಹೋದಳು. ಅಂದು ಅವಳು ತಟ್ಟಿದ ರೊಟ್ಟಿಗಳು ಅರ್ಧಕ್ಕರ್ಧ ಹರಿದವು.

ಮೂರನೆಯ ದಿನ ಇಲಾಖೆಯ ಅಧಿಕಾರಿ ಬಂದರು. ಕೆಟ್ಟವರೇನಲ್ಲ. ಕಬ್ಬಿಣದ ಮಾತ್ರೆ ನುಂಗಿರವ್ವಾ ಎಂದು ಹಳ್ಳಿಹಳ್ಳಿಗೆ ಹೋಗಿ ಬೇಡಿಕೊಂಡು ಗಂಟಲು ಒಣಗಿಸಿಕೊಂಡವರು. "ಡಾಕ್ಟರ್ ಬಾಯಾರ, ಜನರ ಮುಂದ ಗೊತ್ತಿಲ್ಲ ಅಂದ್ರ ನಾಳಿ ಗಟ್ಟಿ ಮಾತನ್ನೂ ಕೇಳಂಗಿಲ್ಲ. ಸಂಶಯ ಇದ್ದಲ್ಲೆ 'ಬ್ಯಾಡ' ಅನಿಸ್ರಿ. ಇವತ್ತ ಸಹಿ ಮಾಡ್ತೀನಿ, ಇಡೀ ಜಿಲ್ಲಾಕ್ಕ ನಿಮ್ಮ ತಾಟು."

ಮುಕ್ತಾಳಿಗೆ ಅದು ಒಂದು ಪದ ಬದಲಿಸುವ ಕೆಲಸ. ಜಿಲ್ಲೆಯ ಎಷ್ಟು ಬಸುರಿಯರಿಗೆ ಉಪಕಾರವಾದೀತು! ಅವಳ ಬೆರಳು ತಾಟಿನ ಮಾತು ತಿದ್ದುವ ಕೈಪರದೆಯತ್ತ ಸರಿಯಿತು.

"ಸಾಹೇಬ್ರ, ಒಂದ್ ಮಾತು ಐತ್ರಿ." ಕಲ್ಲವ್ವ ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. "ನಮ್ಮೂರ ದವಾಖಾನಿ ಗ್ವಾಡಿಗೆ ಒಂದು ಚಾರ್ಟ್ ಇತ್ರಿ. ಬಸುರಿ ಅಗಸಿ ತಿನ್ನಬಾರದು ಅಂತ. ನನಗ ಓದಾಕ ಬರ್ತಿದ್ದಿಲ್ಲ. ಮಗಳು ಸಿದ್ದವ್ವ ಬಯಕಿ ಪಟ್ಟಳಂತ ದಿನಾ ಕುಟ್ಟಿ ಕೊಟ್ಟೆ. ಐದನೇ ತಿಂಗಳಾಗ ಕೂಸು ಹೋತು. ನರ್ಸಬಾಯಿ ಚಾರ್ಟಿಗೆ ಬೊಟ್ಟು ಮಾಡಿ ತೋರಿಸಿದ್ಲು. ಅವತ್ತಿಂದ ಮಗಳು ನನ್ನ ಕೈಯಾನ ತುತ್ತು ಉಂಡಿಲ್ಲ. ಇಪ್ಪತ್ತಾರು ವರ್ಷ ಆತ್ರಿ. ನಡುವ ಯಾವಾಗೋ ಚಾರ್ಟ್ ಬದಲಿ ಮಾಡಿದ್ರು. ಓದಿಸಿ ಕೇಳಿದ್ರ ಹೊಸದರಾಗ ಅಗಸಿ ಸಾಲು ಇದ್ದಿದ್ದಿಲ್ಲ. ಯಾಕ ತಗದ್ರಿ ಅಂತ ಯಾರೂ ಹೇಳಲಿಲ್ಲ."

ಅಧಿಕಾರಿ ಮೆತ್ತಗಾದರು. "ಹಂಗಾರ ನಿಮ್ಮ ತಪ್ಪಿಲ್ಲ ಬಿಡ್ರಿ."

ಕಲ್ಲವ್ವ ಮುಕ್ತಾಳ ಕಡೆ ತಿರುಗಿದಳು. "ಹೌದೇನವಾ?"

ಹೌದು ಎಂದುಬಿಡುವುದು ಎಷ್ಟು ಸುಲಭವಿತ್ತು. ಮುಕ್ತಾ ಕೈಪರದೆಯನ್ನು ಕೆಳಗಿಟ್ಟಳು. "ಅದೂ ಗೊತ್ತಿಲ್ಲ, ಆಯಿ."

ಕಲ್ಲವ್ವ ತಾನು ಗುದ್ದಿದ್ದ ತಾಟಿನ ಅಂಚನ್ನು ಬೆರಳಿನಿಂದ ಸವರಿದಳು. "ಹಾಂ. ಇದು ಖರೇ ಮಾತು," ಎಂದಳು.

ಪಂಕ್ತಿಯಿಂದ ರೇಣವ್ವನ ದನಿ ಎದ್ದಿತು. "ಬ್ಯಾಡ ಅಂದ್ರ ಬಿಡ್ತೇವ್ರಿ. ಗೊತ್ತಿಲ್ಲ ಅಂದ್ರ ಕೇಳ್ತೇವಿ, ಯಾವಾಗ ಪರೀಕ್ಷಾ ಮಾಡಿ ನೋಡ್ತೀರಿ ಅಂತ."

ಮುಕ್ತಾ ಪದ ಬದಲಿಸಲಿಲ್ಲ; ಅಧಿಕಾರಿ ಸಹಿ ಮಾಡದೆ ಹೋದರು. ತಾಟುಗಳು ಆ ಒಂದೇ ಊಟದ ಮನೆಯಲ್ಲಿ ಉಳಿದವು, ಮೂವತ್ತೇ ಮೂವತ್ತು. ಸೋಮವಾರ ಮುಕ್ತಾ ಹೊಸದೊಂದು ಅಧ್ಯಯನ ಶುರುಮಾಡಿದಳು. ಈ ಸಲ ಇಲಿಗಳದ್ದಲ್ಲ. ಮೊದಲ ಹೆಸರು ರೇಣವ್ವನದು. ಉತ್ತರ ಬರಲು ಐದಾರು ವರ್ಷವಾದರೂ ಬೇಕು ಎಂದಾಗ ಕಲ್ಲವ್ವ, "ನಾ ಇರಂಗಿಲ್ಲ, ಅಗಸಿ ಇರ್ತೈತಿ," ಎಂದು ನಕ್ಕಳು.

ಅಂದು ಸಂಜೆ ಅವಳು ಮಗಳಿಗೆ ಫೋನು ಮಾಡಿಸಿದಳು. "ಸಿದ್ದೀ, ನಂದು ತಪ್ಪಿಲ್ಲ ಅಂತ ಹೇಳಾಕ ಮಾಡಿಲ್ಲ. ಯಾರಿಗೂ ಗೊತ್ತಿಲ್ಲಂತ. ಆ ನರ್ಸಬಾಯಿಗೂ ಗೊತ್ತಿದ್ದಿಲ್ಲಂತ."

"ಅವತ್ತ ಯಾರರ ಇಷ್ಟ ಹೇಳಿದ್ರ ಸಾಕಿತ್ತಲ್ಲಬೇ ಯವ್ವಾ," ಎಂದಳು ಸಿದ್ದವ್ವ. ಮತ್ತೆ ಮೂಗೆಳೆದುಕೊಂಡು, "ರವಿವಾರ ಬರ್ತೀನಿ. ಏನರ ಮಾಡಿಡು," ಎಂದಳು.

ಆ ದಿನದಿಂದ ಇಪ್ಪತ್ತಾರು ವರ್ಷ ಹಿಂದಕ್ಕೆ ಎಣಿಸಿದರೆ ಬರುವುದು ನಾವು ನೀವು ಇರುವ ಈ ವರ್ಷ. ಕಲ್ಲವ್ವನ ಊರಿನ ದವಾಖಾನೆಯಲ್ಲಿ ಆ ಚಾರ್ಟನ್ನು ಈಗಷ್ಟೇ ಗೋಡೆಗೆ ಹಚ್ಚಿದ್ದಾರೆ. ಗೋಂದು ಇನ್ನೂ ಆರಿಲ್ಲ. ಅಗಸಿ ತಿನ್ನಬಾರದು ಎಂಬುದರ ಕೆಳಗೆ ಇನ್ನೊಂದು ಸಾಲು ಬರೆಯುವಷ್ಟು ಜಾಗವಿದೆ.