ಹಾಜಿಮಲಂಗನ ಬಕೆಟ್ಟು

ಬೆಳಿಗ್ಗೆ ಒಂಬತ್ತಕ್ಕೆ ಶಾಲೆಯ ಹಾಲ್‌ನ ಬಾಗಿಲು ತೆಗೆದ ಹೆಡ್‌ಮೇಡಂ ಮಹಾದೇವಮ್ಮ ಕಿಟಾರನೆ ಕಿರುಚಿದರು.

ಗೋಡೆಗೆ ಒರಗಿಸಿದ್ದ ಚಂದ್ರಂಪಳ್ಳಿ ಕೆರೆಯ ಚಿತ್ರ ತೊಯ್ದು ತೊಪ್ಪೆಯಾಗಿತ್ತು. ಕಾಗದದ ತುಂಬ ಶಾಯಿ ಹರಡಿತ್ತು. ಕೆರೆ ಯಾವುದು, ಗುಡ್ಡ ಯಾವುದು ತಿಳಿಯುವಂತಿರಲಿಲ್ಲ. ಪಕ್ಕದಲ್ಲಿ ಒಂದು ಬಕೆಟ್ಟು ಮಗುಚಿ ಬಿದ್ದಿತ್ತು. ಅದು ಜವಾನ ಹಾಜಿಮಲಂಗನ ಬಕೆಟ್ಟು.

ಇದು ಶಹಾಬಾದಿನ ಒಂದು ಶಾಲೆ; ೧೯೭೪ರ ಮಾರ್ಚ್ ತಿಂಗಳು. ಚಿತ್ರ ಬರೆದಾಕೆ ಅಲ್ಲಿಯ ಟೀಚರು ತಾಜುನ್ನಿಸಾ. ಬೆಂಗಳೂರಿನ ಸ್ಪರ್ಧೆಗೆ ಕಳಿಸಲೆಂದು ಎರಡು ತಿಂಗಳು ಕೂತು ಬರೆದಿದ್ದಳು.

ಎಲ್ಲರಿಗಿಂತ ಮೊದಲು ತೀರ್ಪು ಕೊಟ್ಟವರು ಡ್ರಾಯಿಂಗ್ ಮಾಸ್ತರ ಅಮೃತಪ್ಪ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಮಾವಿನಕಾಯಿ, ಹೂಜಿ, ಮತ್ತೆ ಮಾವಿನಕಾಯಿ ಬರೆಸಿದ ಈ ಮಹಾಶಯರಿಗೆ ತಾವು ದೊಡ್ಡ ಕಲಾವಿದರೆಂಬ ಭ್ರಮೆ. ಹೆಗಲ ಮೇಲೆ ಶಾಲು, ಜೇಬಿನಲ್ಲಿ ಬಂಗಾರದ ಬಣ್ಣದ ಪೆನ್ನು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ಅಮೃತಪ್ಪನ ಕೊಡ ಸದಾ ತುಳುಕುತ್ತಿತ್ತು.

“ಇವನದೇ ಕೆಲಸ ರೀ ಮೇಡಂ. ನೆಲ ಒರಸಾಕ ಬಂದು ನೀರು ಚೆಲ್ಯಾನ. ಇಂಥವನ್ನ ಇವತ್ತೇ ಮನಿಗಿ ಕಳಸ್ರಿ.”

“ಖುದಾ ಕಸಂ, ನಾನು ಹಾಲ್‌ಗೇ ಬಂದಿಲ್ರೀ ಮೇಡಂ,” ಹಾಜಿಮಲಂಗ್ ಕೈ ಮುಗಿದ. ಹದಿನೆಂಟು ವರ್ಷದ ನೌಕರಿ. ಮನೆಯಲ್ಲಿ ದುಡಿಯುವವ ಅವನೊಬ್ಬನೇ.

ಮೇಡಂ ಕಾಗದ ತೆಗೆದು ಅವನನ್ನು ಕೆಲಸದಿಂದ ತೆಗೆಯುವ ಪತ್ರ ಬರೆಯಲು ಕೂತರು. ಬಡವನ ಅನ್ನ ಕಸಿಯುವುದಕ್ಕೆ ಈ ಲೋಕದಲ್ಲಿ ಎಷ್ಟು ಅವಸರ!

*

ಅಷ್ಟರಲ್ಲಿ ಭೀಮಶ್ಯಾ ಬಂದ. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವನು. ಹೈದರಾಬಾದಿನಿಂದ ತರಿಸಿದ ಒಂದು ಶಾಯಿ ಬಾಟಲಿಯನ್ನು ತಾಜುನ್ನಿಸಾಗೆ ಕೊಟ್ಟು ಹೋಗಲು ಬಂದಿದ್ದ. ಅಳುತ್ತಿದ್ದ ಟೀಚರನ್ನು ನೋಡಿದ. ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತ. ಹರಡಿದ ಶಾಯಿಯ ಅಂಚಿನಲ್ಲಿ ನೀಲಿ ಕಾಣುತ್ತಿತ್ತು.

“ಟೀಚರ್, ಇದನ್ನ ಯಾವ ಶಾಯಿಲೆ ಬರದಿದ್ರಿ?”

“ನೀವು ಕೊಟ್ಟಿದ್ದ ಕರಿ ಶಾಯಿಲೇ. ಬರದಾದ ಮ್ಯಾಲ ದಿನಾ ಪೆನ್ನು ತೊಳದಿಟ್ಟೀನಿ. ಇಲ್ಲಾಂದ್ರ ನಿಬ್ಬು ಕಟ್ಟತದ ಅಂತ ನೀವೇ ಹೇಳಿದ್ರಲ್ಲ.”

ಅಮೃತಪ್ಪ ನಕ್ಕರು. “ನಕ್ಷಾ ಗೀಚಾವ್ರು ಕೊಟ್ಟ ಶಾಯಿ! ನೀರು ಬಿದ್ರ ಹರಡದೇ ಇರತದೇನು? ಶಾಯಿ ಅಂದ್ರ ಶಾಯಿ.”

ಭೀಮಶ್ಯಾ ಎದ್ದು ನಿಂತ. ಇಂಥ ಮಾತು ಕೇಳಿ ಅವನಿಗೆ ರೂಢಿಯಾಗಿತ್ತು.

“ಟೀಚರಿಗೆ ಆಗದವ್ರು ಯಾರರ ಅದಾರೇನ್ರಿ?” ಮೇಡಂ ಅವರನ್ನು ಕೇಳಿದ.

ಹೊಲಿಗೆ ಟೀಚರು ಗುಂಡಮ್ಮ ಇದ್ದರು. ಹಾಲ್‌ನ ಗೋಡೆಯ ಮೇಲೆ ಕಸೂತಿ ತೂಗುಹಾಕುವ ಜಾಗಕ್ಕಾಗಿ ಮೊನ್ನೆ ತಾಜುನ್ನಿಸಾ ಜೊತೆ ಜಗಳ ಆಡಿದ್ದರು. ಆದರೆ ಗುಂಡಮ್ಮ ನಿನ್ನೆ ಮಧ್ಯಾಹ್ನವೇ ವಾಡಿಗೆ ಹೋಗಿ, ಈಗಷ್ಟೇ ರೈಲಿಳಿದು ಬಂದಿದ್ದರು. ಕೈಚೀಲ ಇನ್ನೂ ಕೈಯಲ್ಲೇ ಇತ್ತು.

“ಚಿತ್ರ ಇಲ್ಲಿ ತಂದಿಟ್ಟವ್ರು ಯಾರು?”

“ಅಮೃತಪ್ಪ ಮಾಸ್ತರು,” ಎಂದಳು ತಾಜುನ್ನಿಸಾ. “ಚೌಕಟ್ಟು ಹಾಕಸ್ತೀನಿ ಅಂತ ಮನಿಗಿ ಒಯ್ದು ಮೂರು ದಿನ ಇಟ್ಕೊಂಡಿದ್ರು. ನಿನ್ನಿ ಸಂಜಿಗೆ ಬಟ್ಟಿ ಮುಚ್ಚಿ ತಂದಿಟ್ರು. ನಾನು ತೆಗದು ನೋಡಿಲ್ಲ.”

ಭೀಮಶ್ಯಾ ಹಾಜಿಮಲಂಗನ ಕಡೆ ತಿರುಗಿದ. “ಚಾಚಾ, ಇವತ್ತ ಬೆಂಗಳೂರಿಗಿ ಅಂಚೆಗೆ ಹಾಕೂದು ಏನರ ಇತ್ತೇನು?”

“ಇತ್ರಿ. ಮಾಸ್ತರು ಮುಂಜಾನೆದ್ದು ಬಂದು ಒಂದು ಕಟ್ಟು ಕೊಟ್ಟಾರ. ಲಗೂನ ಹಾಕು ಅಂದ್ರು. ಪೋಸ್ಟಾಫೀಸು ತೆಗಿಯೂದೇ ಹತ್ತಕ್ಕ. ನನ್ನ ಬೆಂಚಿನ ಕೆಳಗ ಅದ.”

ಅಮೃತಪ್ಪನ ಶಾಲು ಹೆಗಲಿಂದ ಜಾರಿತು. ಕಟ್ಟು ಹೋಗಿಯೇ ಬಿಟ್ಟಿದೆ ಎಂದುಕೊಂಡಿದ್ದರು ಪಾಪ. ಅಂಚೆ ಕಚೇರಿ ಎಷ್ಟಕ್ಕೆ ತೆಗೆಯುತ್ತದೆ ಎಂದು ತಿಳಿಯದ ಜಾಣ!

*

ಬೆಂಗಳೂರಿನ ಸ್ಪರ್ಧೆಯ ವಿಳಾಸವಿದ್ದ ಕಟ್ಟು ಬಿಚ್ಚಿದರು. ಒಳಗೆ ಚಂದ್ರಂಪಳ್ಳಿ ಕೆರೆ. ಸಣ್ಣ ಕರಿ ಗೆರೆಗಳು, ಅವುಗಳ ಮೇಲೆ ತೆಳುವಾದ ನೀರುಬಣ್ಣ. ಬಲಗಡೆ ಕೆಳಗೆ ಅಮೃತಪ್ಪನ ಸಹಿ. ಎಡಗಡೆ ಒಂದು ದಪ್ಪ ಕರಿ ಬಂಡೆ.

“ಇದು ನನ್ನ ಚಿತ್ರ!” ತಾಜುನ್ನಿಸಾ ಕೂಗಿದಳು. “ಆ ಬಂಡೆಗಲ್ಲು ಮಾತ್ರ ನಂದಲ್ಲ.”

“ನಾನೂ ಚಂದ್ರಂಪಳ್ಳಿಗಿ ಹೋಗಿದ್ದೆ,” ಅಮೃತಪ್ಪ ಗದರಿದರು. “ಒಂದೇ ಕೆರಿ ಇಬ್ರು ಬರೀಬಾರ್ದೇನು?”

“ಬರೀಬಹುದ್ರಿ,” ಎಂದ ಭೀಮಶ್ಯಾ. “ಚಾಚಾ, ನಿಮ್ಮ ಬಕೆಟ್ಟಿನಾಗ ಒಂದೀಟು ನೀರು ತರ್ರಿ.”

ಹಾಜಿಮಲಂಗ್ ಓಡಿದ. ಭೀಮಶ್ಯಾ ಅರಿವೆ ತೊಯಿಸಿ ಅಮೃತಪ್ಪನ ಸಹಿಯ ಮೇಲೆ ಒತ್ತಿದ. ಸಹಿ ನೀಲಿಯಾಗಿ ಹರಿಯಿತು. ಪಕ್ಕದ ಗೆರೆಗಳ ಮೇಲೆ ಒತ್ತಿದ. ಒಂದೂ ಅಲುಗಲಿಲ್ಲ. ಆಮೇಲೆ ಬಂಡೆಯನ್ನು ಮೆಲ್ಲಗೆ ಒರೆಸಿದ. ಕರಿ ಬಣ್ಣ ಅರಿವೆಗೆ ಬಂತು. ಬಂಡೆ ಕರಗಿ, ಅದರಡಿಯಿಂದ ಒಂದೊಂದೇ ಅಕ್ಷರ ಎದ್ದಿತು. ತಾಜುನ್ನಿಸಾ.

ಮೇಡಂ ಬಗ್ಗಿ ಆ ಹೆಸರು ಓದಿದರು.

“ನೀರಿಗೆ ಕರಗದ ಶಾಯಿ ಇದು,” ಭೀಮಶ್ಯಾ ಹೇಳಿದ. “ನಕ್ಷಾ ಮಳಿಗಿ ತೊಯ್ದ್ರೂ ಗೆರಿ ಉಳೀಬೇಕಂತ ನಾವು ಇದನ್ನೇ ಬಳಸ್ತೀವಿ. ಒಣಗಿದ ಮ್ಯಾಲ ಎಷ್ಟು ಬಣ್ಣ ಬಳದ್ರೂ ಹರಡೂದಿಲ್ಲ. ಹಂಗಿದ್ರ ಗ್ವಾಡಿಗಿ ಇಟ್ಟಿದ್ದ ಚಿತ್ರದಾಗ ಶಾಯಿ ಹೆಂಗ ಹರಡ್ತು? ಅದು ಟೀಚರ್ದು ಅಲ್ಲ. ಯಾರೋ ಸಾದಾ ಶಾಯಿಲೆ ನಕಲು ಬರದಾರ. ನಕಲು ಕೆಟ್ಟದಿತ್ತು. ನೋಡಿದ ಕೂಡ್ಲೇ ಟೀಚರಿಗೆ ಗುರ್ತು ಸಿಗತಿತ್ತು. ಅದಕ್ಕ ನೀರು ಹೊಯ್ದಾರ. ಹೊಯ್ದ ಮ್ಯಾಲ ತಪ್ಪು ಹೊರಿಸಾಕ ಒಬ್ಬ ಬಡವ ಬೇಕಿತ್ತು. ಮೂರು ದಿನ ಅಸಲು ಚಿತ್ರ ಇದ್ದದ್ದು ಒಬ್ಬರ ಮನ್ಯಾಗ. ಕಟ್ಟು ಕೊಟ್ಟವ್ರೂ ಅವರೇ.”

ಇಪ್ಪತ್ತು ವರ್ಷ ಚಿತ್ರಕಲೆ ಕಲಿಸಿದ ಮನುಷ್ಯನಿಗೆ ಶಾಯಿಯ ಗುಣ ಗೊತ್ತಿರಲಿಲ್ಲ. ಕದಿಯುವುದಕ್ಕೂ ಒಂದಿಷ್ಟು ವಿದ್ಯೆ ಬೇಕು, ಅದೂ ಇರಲಿಲ್ಲ.

ಮೇಡಂ ತಾವು ಬರೆದ ಪತ್ರ ಹರಿದುಹಾಕಿದರು. ಇನ್ನೊಂದು ಕಾಗದ ತೆಗೆದು ಅದೇ ಪತ್ರ ಬರೆದು, ಹಾಜಿಮಲಂಗನ ಹೆಸರಿದ್ದ ಕಡೆ ಅಮೃತಪ್ಪನ ಹೆಸರು ಹಾಕಿದರು. ತಾಜುನ್ನಿಸಾ ಚಿತ್ರವನ್ನು ಎದೆಗವಚಿಕೊಂಡು, “ಮಾಫ್ ಮಾಡ್ರಿ ಚಾಚಾ, ನಾನೂ ನಿಮ್ಮನ್ನ ಅನುಮಾನಿಸಿದ್ದೆ,” ಎಂದಳು.

ಹಾಜಿಮಲಂಗ್ ತಲೆಯಾಡಿಸಿದ. ಮೂಲೆಯಿಂದ ನೆಲ ಒರೆಸುವ ಅರಿವೆ ತಂದ. ಬಕೆಟ್ಟಿನಲ್ಲಿ ಅದ್ದಿ ಹಿಂಡಿದ. ಚೆಲ್ಲಿದ ನೀರಿನ ನಡುವೆ ಗರ ಬಡಿದಂತೆ ನಿಂತಿದ್ದ ಅಮೃತಪ್ಪನ ಮುಂದೆ ಬಗ್ಗಿದ.

“ಕಾಲು ತೆಗೀರಿ ಮಾಸ್ತರ. ನೀವು ಚೆಲ್ಲಿದ್ದು ಒರಸಬೇಕು.”