ಇನ್ನ ನಾನು ನೋಡಂಗಿಲ್ಲ

ಕೊಟ್ಟೂರಿನ ನಮ್ಮ ಬಟ್ಟೆ ಅಂಗಡಿಗೆ ಶರ್ಟ್ ಪೀಸ್ ಕೊಳ್ಳಲು ಬಂದ ಆಸಾಮಿ ಬಟ್ಟೆ ಬಿಟ್ಟು ನನ್ನ ಕಣ್ಣನ್ನೇ ನೋಡುತ್ತಿದ್ದ. ನಾನು ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ಸಿಟ್ಟು ಬರಬೇಕಿತ್ತು, ಹಾಳಾದ ಕೆನ್ನೆ ಬಿಸಿಯಾಯಿತು.

"ಬಟ್ಟಿ ಇಲ್ಲೈತಿ ನೋಡ್ರಿ," ಎಂದೆ.

"ನಿಮಗ ಒಂದು ಎರಡಾಗಿ ಕಾಣ್ತೈತೇನ್ರಿ?"

ನಾಚಿಕೆಯೆಲ್ಲ ಇಳಿದುಹೋಯಿತು. ವಾರದಿಂದ ಮೀಟರ್ ಕೋಲೇ ಎರಡಾಗಿ ಕಾಣುತ್ತಿತ್ತು. ಅವ್ವನಿಗೂ ಹೇಳಿರಲಿಲ್ಲ.

ಅವರು ಡಾಕ್ಟರ್ ಅರುಣಕುಮಾರ್, ಹರಪನಹಳ್ಳಿಯವರು, ದಾವಣಗೆರೆಯಲ್ಲಿ ನರರೋಗ ತಜ್ಞರು. ನನ್ನ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೇಳಿದವರೂ ಅವರೇ. ನರಗಳ ಮೇಲಿನ ಹೊದಿಕೆಯನ್ನು ನಮ್ಮ ಮೈಯೇ ಹಾಳುಮಾಡುವ ಕಾಯಿಲೆ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಆಗ ೧೯೯೮. "ನಮ್ಮ ಕಡೆ ಇದು ಇಲ್ಲ ಅಂತಾರ. ಇಲ್ಲ ಅಂತಲ್ಲ, ಯಾರೂ ಹುಡುಕಿಲ್ಲ," ಎನ್ನುತ್ತ ಅವರು ಭಾನುವಾರ ಕೂಡ್ಲಿಗಿ, ಹಡಗಲಿ ಎಂದು ಊರೂರು ಸುತ್ತುತ್ತಿದ್ದರು. ಅವರ ಸಂಶೋಧನೆಯ ರೋಗಿಗಳಲ್ಲಿ ನಾನೂ ಒಬ್ಬಳಾದೆ.

ಮೂರು ವರ್ಷ ನನ್ನ ಮೊಣಕಾಲಿಗೆ ಪುಟ್ಟ ಸುತ್ತಿಗೆ ಬಡಿದು ಪರೀಕ್ಷಿಸಿದರು.

"ಒದ್ದರ ಸಿಟ್ಟಾಗಬ್ಯಾಡ್ರಿ."

"ಒದೀರಿ. ಒದಿಯೋ ಕಾಲು ಚಲೋ."

ಪರೀಕ್ಷೆ ಮುಗಿದ ಮೇಲೂ ಅವರು ಮಾತು ಹುಡುಕುತ್ತಿದ್ದರು, ನಾನೂ ಹುಡುಕುತ್ತಿದ್ದೆ. ಆ ಅಕ್ಕರೆ ನನಗೋ, ನನ್ನ ಕಾಯಿಲೆಗೋ? ಅದೊಂದು ಅನುಮಾನ ನನ್ನನ್ನು ಹಣ್ಣು ಮಾಡಿತು.

ಮೂರನೇ ವರ್ಷದ ಬೇಸಿಗೆಯಲ್ಲಿ ನನ್ನ ಬಲಗಾಲು ಸೋತಿತು. ಕುಂಟುತ್ತಲೇ ದಾವಣಗೆರೆಗೆ ಅವರ ಬಳಿ ಹೋದೆ. ಅವರು ತಲೆ ಎತ್ತಲಿಲ್ಲ.

"ಇನ್ನ ನಾನು ನಿಮ್ಮನ್ನ ನೋಡಂಗಿಲ್ಲ. ಬೆಂಗಳೂರಾಗ ನಮ್ಮ ಗುರುಗಳು ನೋಡ್ತಾರ."

"ಬ್ಯಾಸರಾತೇನ್ರಿ?"

ಅವರು ಬೆಂಗಳೂರಿನ ಗುರುಗಳಿಗೆ ಚೀಟಿ ಬರೆದು ನನ್ನ ಮುಂದಿಟ್ಟರು. ಮನೆಗೆ ಬಂದು ದಿಂಬಿಗೆ ಮುಖ ಒತ್ತಿ ಅತ್ತೆ. ಕಾಲು ಸೋತದ್ದಕ್ಕಲ್ಲ.

ಬೆಂಗಳೂರಿನ ಆಸ್ಪತ್ರೆಯ ಬೆಂಚಿನ ಮೇಲೆ ನಾನೂ ಅವ್ವನೂ ಕೂತಿದ್ದಾಗ ಡಾಕ್ಟರ್ ಅರುಣಕುಮಾರ್ ಅವರೇ ಬಂದು ಪಕ್ಕದಲ್ಲಿ ಕೂತರು. ನನಗೆ ಉರಿದುಹೋಯಿತು.

"ನೋಡಂಗಿಲ್ಲ ಅಂದಿದ್ರಿ?"

"ಡಾಕ್ಟರಾಗಿ ನೋಡಂಗಿಲ್ಲ ಅಂದೆ. ರೋಗಿ ಮ್ಯಾಲೆ ಮನಸು ಬಂದರ ಡಾಕ್ಟರು ಪಕ್ಕಕ್ಕ ಸರೀಬೇಕು. ನನ್ನ ಸಂಶೋಧನಿಯಿಂದನೂ ನಿಮ್ಮನ್ನ ತಗದೀನಿ. ಈಗ ಕೇಳಬಹುದು. ನನ್ನ ಮದುವಿ ಆಗ್ತೀರೇನು?"

ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

"ನಾಳೆ ನಾನು ಹಾಸಿಗಿ ಹಿಡಿದರ?"

"ಹಿಡೀಬಹುದು. ಹತ್ತು ವರ್ಷದಿಂದ ಇದನ್ನ ಓದಾಕಹತ್ತೀನಿ, ಗಂಗಾಂಬಿಕಾ. ಗೊತ್ತಿದ್ದೇ ಕೇಳಾಕಹತ್ತೀನಿ."

ಏನೂ ಆಗುವುದಿಲ್ಲ ಎಂದು ಸುಳ್ಳು ಹೇಳಿದ್ದರೆ ಬೇಡ ಎನ್ನುವುದು ಸುಲಭವಾಗುತ್ತಿತ್ತು.

ನರ್ಸ್ ಬಾಗಿಲಿಂದ ಕೂಗಿದಳು. "ಗಂಗಾಂಬಿಕಾ! ಪೇಷಂಟ್ ಕಡೆಯವರು ಯಾರು?"

ಅವ್ವ ಎದ್ದಳು. ನಾನು ಅವಳ ಸೆರಗು ಹಿಡಿದು ಕೂರಿಸಿದೆ.

"ಏಳ್ರಿ," ಎಂದೆ ಅವರಿಗೆ. "ನಿಮ್ಮನ್ನ ಕರಿಯಾಕಹತ್ಯಾರ."